ಗಡಿಗಲ್ಲಿನ ಪಕ್ಕ ನಿಂತ ಫೋಟೋ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಆ ಗುಂಡಿ ಒತ್ತಿದೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಬ್ರೌಸಿಂಗ್ ಸೆಂಟರ್ ನಡೆಸುವವರು ಯಾರು ಯಾವ ಕಂಪ್ಯೂಟರಿಗೆ ಎಷ್ಟೊತ್ತಿಗೆ ಕುಳಿತರು, ಎಷ್ಟೊತ್ತಿಗೆ ಎದ್ದರು ಎಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಆ ಮಂಗಳವಾರದ ಪುಟದಲ್ಲಿ ಮೂರನೇ ಕಂಪ್ಯೂಟರಿನ ಮುಂದೆ ನನ್ನದೇ ಅಕ್ಷರದಲ್ಲಿ ಹಾಗೆ ಬರೆದಿದೆ. ಗುಂಡಿ ಒತ್ತಿ, ಎದ್ದು, ಬರೆದು, 'ಆಯ್ತಣ್ಣ, ಇನ್ನ ಊಟಕ್ಕ ಹೋಗ್ರಿ' ಎಂದು ನಗುತ್ತಾ ಹೇಳಿದ್ದೆ.

ನನ್ನ ಅಂಗಡಿ ಚಿತ್ತವಾಡ್ಗಿಯಲ್ಲಿ ರಸ್ತೆಯ ಅಂಚಿಗೇ ಇತ್ತು. ಐದು ಕಂಪ್ಯೂಟರು, ಒಂದು ಸ್ಕ್ಯಾನರು, ಒಂದು ಡಿಜಿಟಲ್ ಕ್ಯಾಮೆರಾ. ಹೊಸಪೇಟೆಯಲ್ಲೇ ಬಿಸಿಎ ಓದಿದ್ದೆ. ಗಣಿ ಕಂಪನಿಗಳಲ್ಲಿ ಕೆಲಸ ಹುಡುಕುವವರಿಗೆ ಬಯೋಡೇಟಾ ಮಾಡಿಕೊಡುತ್ತಿದ್ದೆ. ಹೊಸದಾಗಿ ವೃತ್ತಿ ಪರಿಚಯದ ಜಾಲತಾಣಗಳು ಬಂದಿದ್ದವು. ಅದರಲ್ಲಿ ನಿಮ್ಮ ಹೆಸರು, ಕೆಲಸ, ಫೋಟೋ ಹಾಕಿದರೆ ಬೇರೆ ರಾಜ್ಯದ, ಬೇರೆ ದೇಶದ ಕಂಪನಿಯವರು ನೋಡಿ ಕರೆಯುತ್ತಾರೆ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಅದು ಸುಳ್ಳೇನೂ ಆಗಿರಲಿಲ್ಲ.

ಮೂರನೇ ಕಂಪ್ಯೂಟರಿನಲ್ಲಿ ಕುಳಿತಿದ್ದವರು ಸಂಡೂರಿನ ಗುಡ್ಡದ ಮೇಲಿನ ಒಂದು ಗಣಿಯ ಸರ್ವೇಯರ್. ನಲವತ್ತರ ವಯಸ್ಸು, ನಮ್ಮ ಮನೆಯಿಂದ ಎರಡು ಓಣಿ ಆಚೆ ಬಾಡಿಗೆ ಮನೆ. ಮಂಗಳವಾರ ಅವರಿಗೆ ವಾರದ ರಜೆ. ನನ್ನನ್ನು ತಂಗಿ ಎನ್ನುತ್ತಿದ್ದರು. ಕೆಲಸ ಯಾಕೆ ಬಿಡುತ್ತೀರಿ ಎಂದು ಕೇಳಿದ್ದಕ್ಕೆ ಸುತ್ತ ಒಮ್ಮೆ ನೋಡಿ ಹೇಳಿದ್ದರು: "ಗುಡ್ಡ ಒಂದ್ ಕಡೆ ಇರ್ತೈತಿ ತಂಗಿ, ನಕ್ಷೆ ಒಂದ್ ಕಡೆ ಇರ್ತೈತಿ. ಸೈನ್ ಮಾತ್ರ ನಂದು. ನಾಳೆ ಯಾರರ ಬಂದು ಅಳತಿ ಮಾಡಿದ್ರ ಸಿಗೋನು ನಾನು."

ಹೊಸ ಕೆಲಸ ಸಿಗುವವರೆಗೆ ಗಣಿಯಲ್ಲಿ ಯಾರಿಗೂ ಗೊತ್ತಾಗಬಾರದು ಎಂಬುದೊಂದೇ ಅವರ ಷರತ್ತು.

ಫೋಟೋ ವಿಷಯಕ್ಕೆ ನಾವಿಬ್ಬರೂ ಅರ್ಧ ಗಂಟೆ ಜಗ್ಗಾಡಿದ್ದೆವು. ಅವರು ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ತಂದಿದ್ದರು. ನಮ್ಮೂರಿನ ಸ್ಟುಡಿಯೋಗಳಲ್ಲಿ ಆಗ ಒಂದು ಪದ್ಧತಿ ಇತ್ತು. ನೀವು ಬನಿಯನ್ ಹಾಕಿಕೊಂಡು ಹೋದರೂ ಸರಿ, ಕಂಪ್ಯೂಟರಿನಲ್ಲಿ ಒಂದು ನೀಲಿ ಕೋಟು, ಕೆಂಪು ಟೈ ಇರುತ್ತಿತ್ತು. ಅದರ ಮೇಲೆ ನಿಮ್ಮ ತಲೆ ಕೂಡಿಸಿ, ಮುಖವನ್ನು ಎರಡು ಸುತ್ತು ಬೆಳ್ಳಗೆ ಮಾಡಿ ಕೊಡುತ್ತಿದ್ದರು. ಆ ತಿಂಗಳು ನನ್ನ ಅಂಗಡಿಗೆ ಬಂದ ನಾಲ್ಕು ಜನರ ಮೈಮೇಲೆ ಅದೇ ಕೋಟನ್ನು ನೋಡಿದ್ದೆ.

"ಇದನ್ನ ಹಾಕಿದ್ರ ನಗ್ತಾರಣ್ಣ. ಕುತ್ಗಿ ಒಬ್ಬರದು, ತಲಿ ಒಬ್ಬರದು ಕಂಡಂಗ ಕಾಣ್ತೈತಿ."

"ಮತ್ತ ನಮ್ಮಂಥೋರಿಗೆ ಕೋಟ್ ಎಲ್ಲಿಂದ ತರ್ಲಿ?"

"ಕೋಟ್ ಬ್ಯಾಡ. ಕೆಲ್ಸದಾಗ ಇರೋ ಫೋಟೋ ಐತೇನು?"

ಅವರ ಪೆನ್‌ಡ್ರೈವಿನಲ್ಲಿ ಒಂದು ಸಿಕ್ಕಿತು. ತಲೆಗೆ ಹಳದಿ ಹೆಲ್ಮೆಟ್, ಪಕ್ಕದಲ್ಲಿ ಮೂರು ಕಾಲಿನ ಮೇಲೆ ನಿಂತ ಅಳತೆಯ ಯಂತ್ರ, ಹಿಂದೆ ಕೆಂಪು ಗುಡ್ಡ, ದೂರದಲ್ಲಿ ಅದಿರು ಅಗೆಯುತ್ತಿರುವ ಎಕ್ಸ್‌ಕವೇಟರ್. ಮುಖದಲ್ಲಿ ಕೆಲಸ ಗೊತ್ತಿರುವವನ ಸಮಾಧಾನವಿತ್ತು. ನನಗೆ ಬಹಳ ಹಿಡಿಸಿತು. ಮುಖವಷ್ಟೇ ಉಳಿಯುವಂತೆ ಚೌಕಾಕಾರಕ್ಕೆ ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ಹಿನ್ನೆಲೆ ಇದ್ದರೆ ಕೆಲಸದ ತೂಕ ಕಾಣುತ್ತದೆ ಎಂದುಕೊಂಡೆ. ಅಷ್ಟೇ ಅಲ್ಲ, ಸ್ವಲ್ಪ ಮಬ್ಬಾಗಿದ್ದ ಚಿತ್ರವನ್ನು ಚೂಪುಗೊಳಿಸಿದೆ. ಜಾಲತಾಣದಲ್ಲಿ ಅದು ಸಣ್ಣದಾಗಿ ಕಾಣುತ್ತಿತ್ತು, ಒತ್ತಿದರೆ ಪೂರ್ತಿ ತೆರೆಯುತ್ತಿತ್ತು.

ಕೊನೆಗೆ ಜಾಲತಾಣ ಒಂದು ಪ್ರಶ್ನೆ ಕೇಳಿತು: ನಿಮ್ಮ ಇಮೇಲಿನಲ್ಲಿರುವ ಪರಿಚಿತರಿಗೆಲ್ಲ ಆಹ್ವಾನ ಕಳಿಸಬೇಕೆ? ಪರಿಚಯ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಓದಿದ್ದೆ. ಹೌದು ಎಂದು ಒತ್ತಿದೆ. ಅದೇ ಹನ್ನೊಂದು ಇಪ್ಪತ್ತು.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಅವರು ಓಡುತ್ತಲೇ ಬಂದರು. ಬಲಗೈ ತೊಳೆದಿರಲಿಲ್ಲ, ಬೆರಳಿಗೆ ಅನ್ನ ಅಂಟಿತ್ತು.

"ತಂಗಿ, ಮ್ಯಾನೇಜರ್ ಫೋನ್ ಮಾಡಿದ್ರು. ಫೋಟೋ ಭಾಳ ಚಂದ ಬಂದೈತಿ ಅಂದ್ರು."

"ಯಾವ ಫೋಟೋ?"

"ಈಗ ಹಾಕಿದ್ವಲ್ಲ, ಅದಾ. ಅವರಿಗೆ ಹೆಂಗ ಹೋತು?"

ಆಗ ನನಗೆ ಹೊಳೆಯಿತು. ಅವರ ಇಮೇಲಿನಲ್ಲಿ ಯಾರಿದ್ದಾರೆ ಎಂದು ನಾನು ನೋಡಿರಲೇ ಇಲ್ಲ. ಗಣಿಯ ಆಫೀಸಿನವರೆಲ್ಲ ಅದರಲ್ಲಿದ್ದರು. 'ಇವರು ನಿಮ್ಮನ್ನು ತಮ್ಮ ಬಳಗಕ್ಕೆ ಕರೆದಿದ್ದಾರೆ' ಎಂಬ ಸಾಲು, ಮೇಲೆ ಆ ಫೋಟೋ, ಎಲ್ಲರಿಗೂ ಹೋಗಿತ್ತು.

"ಮತ್ತೇನಂದ್ರು ಅಣ್ಣ?"

"ಕೆಲ್ಸ ಹುಡುಕ್ರಿ, ಅದು ನಿಮ್ಮಿಷ್ಟ ಅಂದ್ರು. ಆದ್ರ ಕಲ್ಲು ಯಾಕ ಊರಿಗೆಲ್ಲ ತೋರಸ್ತೀರಿ ಅಂದ್ರು."

ಚಿತ್ರ ದೊಡ್ಡದು ಮಾಡಿದೆವು. ಅವರ ಎಡಗಾಲಿನ ಪಕ್ಕ ಮೊಣಕಾಲೆತ್ತರದ ಒಂದು ಕಲ್ಲು. ಸುಣ್ಣ ಬಳಿದದ್ದು, ಮೇಲೆ ಕೆಂಪು ಬಣ್ಣದಲ್ಲಿ ಹದಿನೇಳು ಎಂಬ ಅಂಕಿ. ಅದು ಗಣಿಗೆ ಕೊಟ್ಟ ಜಾಗದ ಗಡಿಗಲ್ಲು. ಅಲ್ಲಿಂದ ಆಚೆ ಅರಣ್ಯ. ಎಕ್ಸ್‌ಕವೇಟರ್ ನಿಂತಿದ್ದದ್ದು ಆಚೆ.

ಸರ್ವೇಯರುಗಳಿಗೆ ಒಂದು ರೂಢಿ ಇರುತ್ತದಂತೆ. ಗಡಿಗಲ್ಲಿನ ಹತ್ತಿರ ಫೋಟೋ ತೆಗೆಸಿಕೊಳ್ಳುವಾಗ ನಂಬರು ಮರೆಯಾಗದಂತೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಅದು ಅಳತೆಗೆ ಸಾಕ್ಷಿ. ಹದಿನೈದು ವರ್ಷದ ಆ ಅಭ್ಯಾಸದಿಂದ ಅವರು ತಮಗೆ ಗೊತ್ತಿಲ್ಲದೆಯೇ ಪಕ್ಕಕ್ಕೆ ನಿಂತಿದ್ದರು. ನಾನು ಚೂಪುಗೊಳಿಸಿದ್ದರಿಂದ ಅಂಕಿ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಆ ದಿನಗಳಲ್ಲಿ ಗಡಿಯ ಬಗ್ಗೆ ತನಿಖೆ ನಡೆಯುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿತ್ತು.

"ಬೇಕಂತ ಹಾಕೀನಿ ಅಂತ ತಿಳ್ಕೊಂಡಾರ" ಎಂದು ಅವರು ನಿಧಾನವಾಗಿ ಹೇಳಿದರು. "ನಾನು ಯಾರಿಗೋ ಸುದ್ದಿ ಕೊಡ್ಲಿಕ್ಕೆ ಹತ್ತೀನಿ ಅಂತ."

ಅಳಿಸಲು ಕೈ ಹಾಕುತ್ತಿದ್ದಂತೆ ಕರೆಂಟು ಹೋಯಿತು. ಒಂದಕ್ಕೆ ಹೋದರೆ ಮೂರಕ್ಕೆ ಬರುವುದು ಆಗ ನಮ್ಮ ಓಣಿಯ ಲೆಕ್ಕ. ಯುಪಿಎಸ್ ಇತ್ತು, ಆದರೆ ಇಂಟರ್‌ನೆಟ್ಟಿನ ಪೆಟ್ಟಿಗೆ ಅದಕ್ಕೆ ಜೋಡಿಸಿರಲಿಲ್ಲ. ಎರಡು ಗಂಟೆ ನಾವು ಕತ್ತಲ ಪರದೆಗಳ ನಡುವೆ ಕುಳಿತೆವು. ಹೊರಗೆ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅವರು ಅಷ್ಟು ಹೊತ್ತೂ ಕೈ ತೊಳೆಯಲಿಲ್ಲ.

ಮೂರು ಹತ್ತಕ್ಕೆ ಫೋಟೋ ಅಳಿಸಿದೆ. ಪುಟದಲ್ಲಿ ಮುಖದ ಜಾಗಕ್ಕೆ ಬೂದು ಬಣ್ಣದ ಒಂದು ಖಾಲಿ ಆಕಾರ ಬಂತು. ಉಸಿರು ಬಿಟ್ಟೆ. ಸುಮ್ಮನೆ ನೋಡೋಣ ಎಂದು ಅವರ ಹೆಸರು ಹಾಕಿ ಹುಡುಕಿದೆ. ಫಲಿತಾಂಶದ ಮೊದಲ ಸಾಲಿನಲ್ಲೇ ಹೆಲ್ಮೆಟ್ಟು, ಯಂತ್ರ, ಕಲ್ಲು. ಪುಟದಿಂದ ಹೋಗಿತ್ತು, ಹುಡುಕಾಟದಿಂದ ಹೋಗಿರಲಿಲ್ಲ. ಒಮ್ಮೆ ಎತ್ತಿಟ್ಟುಕೊಂಡ ಪ್ರತಿಯನ್ನು ಅದು ತನಗೆ ತೋಚಿದಾಗ ಮಾತ್ರ ಬದಲಿಸುತ್ತದೆ ಎಂಬುದು ನನಗೆ ಪುಸ್ತಕದಲ್ಲಿ ಓದಿದ ಸಂಗತಿಯಾಗಿ ಗೊತ್ತಿತ್ತು.

ಸಂಜೆ ಐದಕ್ಕೆ ಮೊದಲೇ ಗಣಿಯ ಕಡೆಯ ಇಬ್ಬರು ಬಂದರು. ಸರ್ವೇಯರ್ ಅಷ್ಟೊತ್ತಿಗೆ ಎದ್ದು ತಮ್ಮ ಮನೆಗೆ ಹೋಗಿದ್ದರು. ಒಬ್ಬ ಬಾಗಿಲಲ್ಲೇ ನಿಂತ. ಇನ್ನೊಬ್ಬ, ಬಿಳಿ ಅಂಗಿಯ ನಲವತ್ತೈದರ ಮನುಷ್ಯ, ಕುರ್ಚಿ ಎಳೆದು ಕುಳಿತ. ಬಹಳ ಮರ್ಯಾದೆಯಿಂದ ಮಾತಾಡಿದ.

"ಫೋಟೋ ಹಾಕಿದೋರು ನೀವಾ ಏನ್ರಿ ಮೇಡಮ್?"

"ತೆಗ್ದೀನ್ರಿ ಸರ್. ಗೊತ್ತಿಲ್ದಾ ಆಗೈತಿ."

"ತೆಗ್ದೀರಿ? ಹಂಗಾರ ಒಮ್ಮಿ ತೋರಸ್ರಿ."

ಹುಡುಕಿ ತೋರಿಸಿದೆ. ಬೇರೆ ದಾರಿ ಇರಲಿಲ್ಲ. ಅವನು ಪರದೆಯ ಹತ್ತಿರ ಬಾಗಿ ನೋಡಿ, ಬಾಗಿಲ ಬಳಿ ಇದ್ದವನಿಗೆ ಹೇಳಿದ: "ತೆಗ್ದಾರಂತ ನೋಡಲೇ. ನಮ್ಮ ಕಣ್ಣಿಗೆ ಮಾತ್ರ ಕಾಣಸಾಕತ್ತೈತಿ."

ಹುಡುಕಾಟದ ಪ್ರತಿ ಹೇಗೆ ಉಳಿಯುತ್ತದೆ ಎಂದು ವಿವರಿಸಲು ಹೋದೆ. ಅವನು ಕೇಳಿಸಿಕೊಂಡ, ತಲೆಯನ್ನೂ ಆಡಿಸಿದ. ನಂಬಲಿಲ್ಲ. ನಂಬಲು ಯಾವ ಕಾರಣವೂ ಇರಲಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ. ಏಳುತ್ತಾ ಹೇಳಿದ:

"ನಿಮ್ಮಂಗಡಿ ಮೆಟ್ಲು ರೋಡಿಗೆ ಭಾಳ ಹತ್ರ ಐತ್ರಿ. ನಮ್ಮ ಗಾಡಿಗೋಳು ದಿನಾ ಇಲ್ಲೇ ಓಡ್ಯಾಡ್ತಾವ. ಲೋಡ್ ಇದ್ದಾಗ ಬ್ರೇಕ್ ಸರಿ ಹಿಡಿಯಂಗಿಲ್ಲ. ಸರ್ವೇಯರ್ ಸಾಹೇಬ್ರಿಗೂ ಹೇಳ್ರಿ, ಜ್ವಾಕಿ ಅಂತ."

ಮರುದಿನ ಸರ್ವೇಯರ್ ಆರೋಗ್ಯ ಸರಿಯಿಲ್ಲ ಎಂದು ರಜೆ ಬರೆದು, ಹೆಂಡತಿಯನ್ನು ಕರೆದುಕೊಂಡು ಆಕೆಯ ತವರು ಎಮ್ಮಿಗನೂರಿಗೆ ಹೋದರು. ನಾನು ಜಾಲತಾಣದ ಸಹಾಯ ವಿಭಾಗಕ್ಕೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಪತ್ರ ತಲುಪಿದೆ ಎಂದು ಯಂತ್ರವೇ ಉತ್ತರ ಕೊಟ್ಟಿತು. ಮತ್ತೆ ಬರೆದೆ, ಮತ್ತೆ ಅದೇ ಉತ್ತರ. ಹುಡುಕಾಟದವರಿಗೂ ಬರೆದೆ. ನಮ್ಮ ಪೊಲೀಸ್ ಠಾಣೆಗೆ ಹೋಗಬೇಕೆಂದು ಬೀದಿಯ ತಿರುವಿನವರೆಗೆ ಎರಡು ಸಲ ನಡೆದೆ. ಏನೆಂದು ಹೇಳುವುದು? ಜ್ವಾಕಿ ಎಂದರು, ಅಷ್ಟೇ. ದಿನಕ್ಕೆ ಹತ್ತಾರು ಸಲ ಅವರ ಹೆಸರು ಹಾಕಿ ನೋಡುತ್ತಿದ್ದೆ. ಪ್ರತಿ ಸಲವೂ ಹೆಲ್ಮೆಟ್ಟು, ಯಂತ್ರ, ಕಲ್ಲು. ಅಷ್ಟು ಸಲ ನೋಡಿದ ಮೇಲೆ, ಆ ಮುಖದಲ್ಲಿ ನನಗೆ ಮೊದಲು ಕಂಡಿದ್ದ ಸಮಾಧಾನ ಕಾಣುವುದು ನಿಂತಿತು.

ಐದನೆಯ ದಿನ ಸಹಾಯ ವಿಭಾಗದಿಂದ ಒಂದು ನಿಜವಾದ ಸಾಲು ಬಂತು: ಖಾತೆಯ ಮಾಲೀಕರೇ ತಮ್ಮ ಇಮೇಲಿನಿಂದ ಒಪ್ಪಿಗೆ ಕಳಿಸಬೇಕು. ಸರ್ವೇಯರ್ ಭಯಕ್ಕೆ ಪಾಸ್‌ವರ್ಡ್ ಬದಲಿಸಿದ್ದರು, ಅದನ್ನು ಫೋನಿನಲ್ಲಿ ಹೇಳಲು ಹೆದರಿದರು. "ನಾನಾ ಬರ್ತೀನಿ" ಎಂದರು. ಬ್ಯಾಡ ಎನ್ನಬೇಕಿತ್ತು. ಬರ್ರಿ ಎಂದೆ.

ಮಧ್ಯಾಹ್ನ ಹನ್ನೆರಡರ ಬಿಸಿಲು. ಅವರು ಬೈಕನ್ನು ಅಂಗಡಿಯ ಮುಂದೆ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಕೀ ತೆಗೆದು ಜೇಬಿಗಿಟ್ಟರು. ನಾನು ಗಾಜಿನ ಬಾಗಿಲಿನೊಳಗಿಂದ ನೋಡುತ್ತಿದ್ದೆ. ಅವರ ಹಿಂದೆ, ರಸ್ತೆಯ ಆ ಬದಿಯಿಂದ ಬರುತ್ತಿದ್ದ ಒಂದು ಟಿಪ್ಪರಿನ ಮೂತಿ ಈ ಬದಿಗೆ ತಿರುಗಿತು. ಬೇಗನೆ ಅಲ್ಲ, ನಿಧಾನವಾಗಿ. ಅದಕ್ಕೇ ನನಗೆ ಅರ್ಥವಾಗಲಿಲ್ಲ. ಹಾರ್ನ್ ಇಲ್ಲ. ಮುಂದಿನ ನಂಬರ್ ಪ್ಲೇಟು ಕೆಂಪು ಧೂಳಿನಲ್ಲಿ ಮುಚ್ಚಿತ್ತು. ನಾನು ಕೂಗಬೇಕಿತ್ತು. ಬಾಯಿ ತೆರೆದದ್ದು ನೆನಪಿದೆ, ಶಬ್ದ ಬಂದದ್ದು ನೆನಪಿಲ್ಲ. ಅವರು ನನ್ನ ಮುಖ ನೋಡಿದರು, ತಿರುಗಲಿಲ್ಲ, ಒಂದೇ ಸಲಕ್ಕೆ ಮೂರು ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದು ಬಿದ್ದರು. ಹಿಂದೆ ಬೈಕು ಮೊದಲ ಮೆಟ್ಟಿಲಿಗೂ ಟಿಪ್ಪರಿಗೂ ನಡುವೆ ಮಡಚಿಕೊಂಡಿತು.

ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. ವಯಸ್ಸಾದವನು, ಬೆವರುತ್ತಿದ್ದ.

"ಬ್ರೇಕ್ ಹಿಡೀಲಿಲ್ರಿ" ಎಂದ. ಹಿಂದಕ್ಕೆ ತೆಗೆದುಕೊಂಡು ಹೋದ.

ಅವನು ಹೇಳಿದ್ದು ನಿಜವಿರಬಹುದು. ಆ ವರ್ಷಗಳಲ್ಲಿ ನಮ್ಮ ರಸ್ತೆಯಲ್ಲಿ ಬ್ರೇಕ್ ಹಿಡಿಯದೆ ಎಷ್ಟೋ ಗಾಡಿಗಳು ಎಷ್ಟೋ ಜನರ ಮೇಲೆ ಹೋಗಿವೆ. ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಬಹುಶಃ ಆ ದೃಶ್ಯ ಇಷ್ಟು ಸಲ ಮತ್ತೆ ಮತ್ತೆ ಬರುತ್ತಿರಲಿಲ್ಲ. ಪ್ರತಿ ಸಲ ಬಂದಾಗಲೂ ನಾನು ಬಾಯಿ ತೆರೆಯುತ್ತೇನೆ.

ಆ ದಿನ ಒಪ್ಪಿಗೆ ಕಳಿಸುವುದು ಇಬ್ಬರಿಗೂ ನೆನಪಾಗಲಿಲ್ಲ, ಸರ್ವೇಯರ್ ಸಂಜೆಯ ಬಸ್ಸಿಗೆ ಎಮ್ಮಿಗನೂರಿಗೆ ಮರಳಿದರು. ಮರುದಿನ ಬೆಳಗಿನ ಬಸ್ಸಿಗೆ ಅವರ ಹೆಂಡತಿ ಒಬ್ಬರೇ ಬಂದರು. ನಾನು ಬೈಗುಳಕ್ಕೆ ಸಿದ್ಧವಾಗಿದ್ದೆ. ಅವರು ಕುಳಿತು ನೀರು ಕುಡಿದು ಕೇಳಿದರು: "ಏನವ್ವ, ಅದು ಯಾಕ ಅಳೀವಲ್ದು? ನನಗ ತಿಳಿಯೋ ಹಂಗ ಹೇಳು."

ಹೇಳಿದೆ. ಖಾತೆಯಲ್ಲಿ ಫೋಟೋ ಇಲ್ಲ, ಆದರೆ ಹುಡುಕಾಟ ಹಳೆಯದನ್ನೇ ಹಿಡಿದು ಕೂತಿದೆ. ಪುಟದಲ್ಲಿ ಹೊಸದೇನಾದರೂ ಬಂದರೆ ಮತ್ತೆ ಬಂದು ನೋಡುತ್ತದೆ. ಖಾಲಿ ಪುಟಕ್ಕೆ ಅದು ಯಾವಾಗ ಬರುತ್ತದೋ ಯಾರಿಗೂ ತಿಳಿಯದು.

"ಅಂದ್ರ ಗ್ವಾಡಿ ಕೆರೆದು ಹಂಗಾ ಬಿಟ್ಟೀರಿ" ಎಂದರು. "ಬಿಟ್ರ ಹಳೇ ಬಣ್ಣಾನ ಕಾಣ್ತೈತಿ. ಮ್ಯಾಲೆ ಹೊಸಾ ಸುಣ್ಣ ಹೊಡೀರಿ. ಬ್ಯಾರೆ ಫೋಟೋ ಹಾಕ್ರಿ."

"ಮತ್ತ ಹಾಕೂದ? ಅಣ್ಣನ ಮುಖ ಮತ್ತ?"

"ಮುಖ ಮುಚ್ಕೊಂಡ್ರ ಕೆಲ್ಸ ಕೊಡ್ತಾರೇನು? ಈ ಊರು ಬಿಡಬೇಕಂದ್ರ ಯಾರರ ನೋಡ್ಬೇಕಲ್ಲ ಅವರನ್ನ."

ಹೊಸಪೇಟೆಯಲ್ಲಿ ಐದು ಕಂಪ್ಯೂಟರು ಇಟ್ಟುಕೊಂಡ ನನಗೆ ಆರು ದಿನ ಹೊಳೆಯದಿದ್ದದ್ದು ಅದು. ಖಾತೆಯನ್ನೇ ಮುಚ್ಚಿಬಿಡಬೇಕು ಎಂದು ನಾನು ಯೋಚಿಸುತ್ತಿದ್ದೆ. ಅವರ ಜೊತೆ ಅದೇ ಬಸ್ಸಿಗೆ ಹೊರಟೆ.

ಎಮ್ಮಿಗನೂರಿನ ಆ ಮನೆಯಲ್ಲಿ ನಡುಮನೆಯ ಗೋಡೆ ಆರಿಸಿದೆವು. ಕ್ಯಾಲೆಂಡರ್ ತೆಗೆದೆವು. ಮೊಳೆಯ ನೆರಳು ಬೀಳುತ್ತಿತ್ತು, ಮೊಳೆ ಕಿತ್ತೆವು. ಕ್ಯಾಲೆಂಡರ್ ಇದ್ದ ಜಾಗ ಬೇರೆ ಬಣ್ಣವಾಗಿ ಕಂಡಿತು, ಅದಕ್ಕೆ ತೊಳೆದ ಬಿಳಿ ಪಂಚೆಯನ್ನು ಮಡಿಕೆ ಬೀಳದಂತೆ ಎಳೆದು ಕಟ್ಟಿದೆವು. ಬಾಗಿಲಿನ ಬೆಳಕು ಮುಖದ ಒಂದೇ ಬದಿಗೆ ಬೀಳುತ್ತಿತ್ತು. ಇನ್ನೊಂದು ಬದಿಗೂ ಬೆಳಕು ಮರಳಿ ಬೀಳುವಂತೆ ಅವರ ಅತ್ತೆ ಹಿತ್ತಾಳೆಯ ದೊಡ್ಡ ಪರಾತ ಹಿಡಿದು ನಿಂತರು. ಗೋಡೆಯಿಂದ ಎರಡು ಹೆಜ್ಜೆ ಮುಂದೆ ಸ್ಟೂಲು. ಕ್ಯಾಮೆರಾ ಅವರ ಕಣ್ಣಿನ ಎತ್ತರಕ್ಕೆ. ತೆಳು ನೀಲಿ ಅಂಗಿ, ಇಸ್ತ್ರಿ ಮಾಡಿದ್ದು. ಆರು ದಿನದ ಗಡ್ಡ ಬೋಳಿಸಿಕೊಂಡು ಬಂದರು.

ಮೊದಲ ಇಪ್ಪತ್ತು ಚಿತ್ರಗಳು ಕೆಲಸಕ್ಕೆ ಬರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಹೋದಾಗಲೆಲ್ಲ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಕೋಟು ಅಂಟಿಸುವ ಸ್ಟುಡಿಯೋದವರನ್ನು ನೋಡಿ ಎಷ್ಟು ನಕ್ಕಿದ್ದೆ. ಹೆದರಿದ ಮುಖವನ್ನು ತಿದ್ದುವುದು ನನಗೂ ಗೊತ್ತಿರಲಿಲ್ಲ. ಯಾವ ಕಂಪನಿ ಈ ಮುಖವನ್ನು ಕರೆಯುತ್ತದೆ? ಜಾಲತಾಣದಲ್ಲಿ ಜನ ಮೊದಲು ನೋಡುವುದು ಹೆಸರಲ್ಲ, ಮುಖ. ಆ ಒಂದು ಕ್ಷಣದಲ್ಲಿ ಅವರು ಮುಂದೆ ಓದುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಇದನ್ನು ಊರಿಗೆಲ್ಲ ಹೇಳಿದವಳು ನಾನೇ.

ಹೆಂಡತಿ ನನ್ನ ಹಿಂದೆ ನಿಂತು ನೋಡುತ್ತಿದ್ದರು. "ಮದ್ವಿ ಫೋಟೋದಾಗೂ ಹಿಂಗಾ ಕುಂತಿದ್ರಿ" ಎಂದರು. "ಯಾರೋ ಹಿಡ್ಕೊಂಡು ಬಂದು ಕುಂದ್ರಿಸಿದಂಗ."

"ಹಿಡ್ಕೊಂಡಾ ಬಂದಿದ್ರಲ್ಲ, ನಿಮ್ಮಪ್ಪ."

ಪರಾತ ಹಿಡಿದಿದ್ದ ಅತ್ತೆ, "ಓಡಿ ಹೋದ್ರ ಅಲ್ಲೇನು ಹಿಡಿಯೂದು, ಎರಡು ದಿನ ಮೊದ್ಲಾ ಬಂದು ಕುಂತಿದ್ರಿ ನೀವು" ಎಂದರು. ಸರ್ವೇಯರರ ತುಟಿಯ ತುದಿ ಸ್ವಲ್ಪ ಸಡಿಲವಾಯಿತು. ನಗು ಬರುವ ಮುಂಚಿನ ಆ ಗಳಿಗೆಯಲ್ಲಿ ಒತ್ತಿದೆ.

ನನ್ನ ಅಂಗಡಿಗೆ ತರಲಿಲ್ಲ. ಕಂಪ್ಲಿಯ ಒಂದು ಸೆಂಟರಿನಲ್ಲಿ ಕುಳಿತು ಹಾಕಿದೆವು. ಹಾಕುವ ಮೊದಲು ಚಿತ್ರವನ್ನು ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ನೋಡಿದೆ. ಮುಖ, ಅಂಗಿ, ಬಿಳಿ. ಚರ್ಮದ ಬಣ್ಣ ಮುಟ್ಟಲಿಲ್ಲ. ಕಿವಿಯವರೆಗೆ, ಭುಜದವರೆಗೆ ಕತ್ತರಿಸಿದೆ. ಆಹ್ವಾನ ಕಳಿಸಬೇಕೆ ಎಂಬ ಪ್ರಶ್ನೆಗೆ ಇಬ್ಬರೂ ಒಟ್ಟಿಗೇ ಬ್ಯಾಡ ಎಂದೆವು. ಅನುಭವದ ಸಾಲುಗಳನ್ನು ಹೊಸದಾಗಿ ಬರೆದೆವು. ಒಪ್ಪಿಗೆಯ ಪತ್ರವನ್ನೂ ಕಳಿಸಿದೆವು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಒಂಬತ್ತು ದಿನ ಹಳೆಯ ಚಿತ್ರವೇ ಬಂತು. ಬಿಳಿ ಅಂಗಿಯವನು ಎರಡು ಸಲ ಬಂದು, ಏನೂ ಮಾತಾಡದೆ, ಪರದೆ ನೋಡಿ ಹೋದ. ಹತ್ತನೆಯ ಬೆಳಿಗ್ಗೆ ಹೆಸರು ಹಾಕಿದಾಗ ತೆಳು ನೀಲಿ ಅಂಗಿ ಬಂತು. ಐದೂ ಕಂಪ್ಯೂಟರಿನಲ್ಲಿ ಹುಡುಕಿದೆ. ಐದರಲ್ಲೂ ಅದೇ. ಮಧ್ಯಾಹ್ನ ಮ್ಯಾನೇಜರ್ ಸರ್ವೇಯರಿಗೆ ಫೋನ್ ಮಾಡಿ, "ಈಗ ಸರಿಯಾಗಿ ಕಾಣ್ತೀರಿ ನೋಡ್ರಿ" ಎಂದರಂತೆ.

ಎರಡು ವಾರದ ಮೇಲೆ ಬೇರೆ ರಾಜ್ಯದ ಒಂದು ಸುಣ್ಣಕಲ್ಲಿನ ಗಣಿಯವರು ಆ ಪುಟ ನೋಡಿ ಬರೆದರು, ಫೋನಿನಲ್ಲಿ ಮಾತಾಡಿದರು, ಬರಲು ಹೇಳಿದರು. ಕೆಲಸ ಬಿಟ್ಟ ಪತ್ರಕ್ಕಾಗಿ ಸರ್ವೇಯರ್ ಹೆಂಡತಿಯ ಜೊತೆ ಸಂಡೂರಿನ ಗುಡ್ಡಕ್ಕೆ ಹೋದರು. ಮ್ಯಾನೇಜರ್ ಚಹಾ ಕೊಟ್ಟು, ಪತ್ರಕ್ಕೆ ಸಹಿ ಹಾಕಿ ಕೊಟ್ಟರಂತೆ. ವಾಪಸ್ ಬರುವಾಗ ನನ್ನ ಅಂಗಡಿಗೆ ಬಂದರು. ಕುಳಿತುಕೊಳ್ಳಲಿಲ್ಲ.

"ಹದಿನೇಳನೇ ಕಲ್ಲು ಇಲ್ಲ ತಂಗಿ" ಎಂದರು. "ಕಿತ್ತ ಕುಣಿನೂ ಇಲ್ಲ, ಸಪಾಟು ಮಾಡ್ಯಾರ. ಇನ್ನೂ ನೂರು ಮಾರು ಆಚೆ ಹೊಸಾ ಕಲ್ಲು ನೆಟ್ಟಾರ, ಅದಕ್ಕೂ ಹದಿನೇಳಾ ಬರ್ದಾರ."

"ಆ ಫೋಟೋ ನಿಮ್ಮ ಪೆನ್‌ಡ್ರೈವಿನ್ಯಾಗ..."

"ಕಾಲುವಿಗೆ ಒಗದೆ. ನಿಂದು?"

"ಅವತ್ತಾ ಅಳಿಸೀನಿ."

ಆ ಕಲ್ಲು ಅಲ್ಲಿತ್ತು ಎಂದು ಹೇಳುವ ಒಂದೇ ಚಿತ್ರವನ್ನು ಜಗತ್ತಿನಿಂದ ತೆಗೆಯಲು ಹದಿನಾರು ದಿನ ದುಡಿದವರು ನಾವು. ಗಣಿಯವರಿಗೆ ಮಾಡಲಾಗದ್ದನ್ನು ಅವರ ಪರವಾಗಿ ಮಾಡಿಕೊಟ್ಟಿದ್ದೆವು. ಆಮೇಲೆ ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಬೇರೆ ಏನು ಮಾಡಬಹುದಿತ್ತು? ಎದುರಿಗೆ ನಿಂತಿದ್ದವರು ಮೂರು ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಿ ಬಂದ ಮನುಷ್ಯ.

ಅವರು ಹೋದ ಮೇಲೂ ನನಗೆ ನಿದ್ದೆ ಬರಲಿಲ್ಲ. ರಾತ್ರಿ ಲಾರಿಯ ಬ್ರೇಕ್ ಕಿರುಗುಟ್ಟಿದರೆ ಎದ್ದು ಕೂರುತ್ತಿದ್ದೆ, ಕಿರುಗುಟ್ಟದಿದ್ದರೆ ಅದು ಹಿಡಿಯಲಿಲ್ಲವೇನೋ ಎಂದು ಎದ್ದು ಕೂರುತ್ತಿದ್ದೆ. ಒಂದು ಭಾನುವಾರ ಸಂಜೆ ಅವರ ಹೆಂಡತಿ ಆ ಊರಿನಿಂದ ಫೋನ್ ಮಾಡಿದರು.

"ಮನಿ ಸಿಕ್ತವ್ವ. ಇಲ್ಲೂ ಧೂಳಾ. ಆದ್ರ ಬೆಳ್ಳಗೈತಿ, ಒಗೆದ್ರ ಹೋಗ್ತೈತಿ."

"ಅಣ್ಣ ಎಲ್ಲಿದ್ದಾರ?"

"ಹೊರಗ ಕಟ್ಟಿ ಮ್ಯಾಲೆ ಕುಂತಾರ, ರೋಡಿಗೆ ಬೆನ್ನು ಮಾಡಿ. ಎಷ್ಟು ದಿನ ಆಗಿತ್ತು ಹಂಗ ಕುಂತು."

ಆ ದಿನ ಒಂಬತ್ತಕ್ಕೆ ಮಲಗಿದೆ. ಎಚ್ಚರವಾದಾಗ ಬಿಸಿಲು ಚಾಪೆಯವರೆಗೆ ಬಂದಿತ್ತು. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಎಬ್ಬಸ್ಬಾರದಿತ್ತೇನವ್ವ? ಅಂಗಡಿ ತೆಗಿಯೋ ಹೊತ್ತಾತು" ಎಂದೆ.

"ಎಬ್ಬಸಂಗಾಗ್ಲಿಲ್ಲ" ಎಂದಳು. "ಉಸರಾಡ್ತಿಯೋ ಇಲ್ಲೋ ಅಂತ ಎರಡು ಸಲ ಬಂದು ಮೂಗಿಗೆ ಬೆರಳು ಹಿಡಿದು ನೋಡಿ ಹೋದೆ."